ಬಿಲ್ ಬಾಕಿಗೆ ಖಾಲಿ ಚೆಕ್ ಯಾಕೆ?

ಮಾನ್ಯರೇ,

ಹೋದ ವರ್ಷ ನಮ್ಮ ಭಾವನಿಗೆ ಆಪರೇಷನ್ ಆಯಿತು. ಡಿಸ್ಚಾರ್ಜ್ ದಿನ 42 ಸಾವಿರ ಕಡಿಮೆ ಬಿತ್ತು. ಮಂಡಿಯಿಂದ ಅಡಿಕೆ ದುಡ್ಡು ಹದಿನೈದು ದಿನದಲ್ಲಿ ಬರುತ್ತೆ, ತಂದು ಕಟ್ಟುತ್ತೇವೆ ಅಂತ ಎಷ್ಟು ಕೇಳಿಕೊಂಡರೂ ಆ ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನವರು ಗೇಟ್ ಪಾಸ್ ಕೊಡಲಿಲ್ಲ, ಬೆಳಿಗ್ಗೆ ಹತ್ತಕ್ಕೇ ಡಾಕ್ಟರು ಮನೆಗೆ ಹೋಗಬಹುದು ಅಂದಿದ್ದವರನ್ನು ಸಂಜೆ ಆರರವರೆಗೂ ಕೂರಿಸಿ, ಕೊನೆಗೆ ಅಕ್ಕನಿಂದ ಒಂದು ಖಾಲಿ ಚೆಕ್‌ಗೆ ಸಹಿ ಹಾಕಿಸಿಕೊಂಡು ಬಿಟ್ಟರು. (ಕೂರಿಸಿದ್ದಕ್ಕೂ ಬೆಡ್ ಚಾರ್ಜ್ ಸೇರಿಸಿದ್ದರು!)

ಬಾಕಿ ಕೊಡಬೇಕು, ಅದರಲ್ಲಿ ತಕರಾರಿಲ್ಲ. ಆಸ್ಪತ್ರೆಯವರೂ ನರ್ಸ್‌ಗಳಿಗೆ ಸಂಬಳ ಕೊಡಬೇಕಲ್ವಾ. ಆದರೆ ವಸೂಲಿಗೆ ಸಿವಿಲ್ ಕೋರ್ಟ್ ಇದೆ, ದಾವೆ ಹಾಕಲು ಮೂರು ವರ್ಷ ಸಮಯವೂ ಇದೆ. ಅಲ್ಲಿ ಆಸ್ಪತ್ರೆ ತನ್ನ ಬಿಲ್ ಸರಿ ಅಂತ ತೋರಿಸಬೇಕು. ಯಾವ ಔಷಧಿಗೆ ಎಷ್ಟು, ಎಷ್ಟು ಜೊತೆ ಗ್ಲೌಸ್, ಎಲ್ಲ. ಖಾಲಿ ಚೆಕ್ ಕೈಯಲ್ಲಿದ್ದರೆ ಈ ಗೋಜೇ ಇಲ್ಲ. ಮೊತ್ತ ಬರೆದು ಬ್ಯಾಂಕಿಗೆ ಹಾಕಿದರಾಯಿತು. ಬೌನ್ಸ್ ಆದರೆ ನೋಟಿಸ್ ಬರುತ್ತದೆ, 15 ದಿನದಲ್ಲಿ ಕಟ್ಟದಿದ್ದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ (ಚೆಕ್ ಬೌನ್ಸ್) ಕೇಸು. ಅದು ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಎರಡನ್ನೂ ಹಾಕಬಹುದು. ಖಾಲಿ ಚೆಕ್ ಕೊಟ್ಟಿದ್ದೆ ಸ್ವಾಮಿ ಅಂದರೆ ಸಾಲದು, ಸಹಿ ನಮ್ಮದಾದರೆ ಸಾಲ ಇತ್ತು ಅಂತಲೇ ಕೋರ್ಟ್ ಹಿಡಿಯುತ್ತದೆ, ಇರಲಿಲ್ಲ ಅಂತ ತೋರಿಸುವ ಹೊಣೆ ನಮ್ಮ ಮೇಲೆ. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ.

ಬಿಲ್ ಬಾಕಿಗೆ ರೋಗಿಯನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಅಂತ ದೆಹಲಿ ಹೈಕೋರ್ಟ್ 2017ರಲ್ಲೇ ಹೇಳಿದೆ. ಅದೇ ವರ್ಷ ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಗೂ (ಕೆಪಿಎಂಇ) ತಿದ್ದುಪಡಿ ಬಂತು, ಖಾಸಗಿ ವೈದ್ಯರು ಮುಷ್ಕರ ಮಾಡಿದ್ದು ನೆನಪಿರಬಹುದು. ಸತ್ತವರ ದೇಹವನ್ನು ಬಾಕಿಗಾಗಿ ತಡೆಯಬಾರದು ಅಂತ ಅದರಲ್ಲಿದೆ. ದೂರು ಕೇಳಲು ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವೂ ಇದೆ. ಗ್ರಾಹಕರ ಆಯೋಗಕ್ಕೂ ಹೋಗಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಇದೆಲ್ಲ ನನಗೆ ಆಮೇಲೆ ವಕೀಲರೊಬ್ಬರು ಹೇಳಿದ್ದು. ಆವತ್ತು ಆ ಕೌಂಟರ್ ಮುಂದೆ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆರೋಗ್ಯ ಇಲಾಖೆಗೆ ಎರಡೇ ಮಾತು. ಪ್ರತಿ ಬಿಲ್ಲಿಂಗ್ ಕೌಂಟರ್ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬಾಕಿಗಾಗಿ ರೋಗಿಯನ್ನು ತಡೆಯುವಂತಿಲ್ಲ ಅಂತ ಬರೆಸಿ, ಕೆಳಗೆ ದೂರು ಕೊಡುವ ಫೋನ್ ನಂಬರ್ ಹಾಕಿಸಿ. ಖಾಲಿ ಚೆಕ್ ಪಡೆಯುವುದನ್ನು ನಿಲ್ಲಿಸಿ. ಓದುಗರಿಗೂ ಒಂದು ಮಾತು, ಚೆಕ್ ಕೊಡಲೇಬೇಕಾಗಿ ಬಂದರೆ ಹೆಸರು, ಮೊತ್ತ, ದಿನಾಂಕ ನೀವೇ ತುಂಬಿ ಫೋಟೋ ತೆಗೆದಿಟ್ಟುಕೊಳ್ಳಿ.

ನಾವು ಮೂರು ವಾರಕ್ಕೆ ಪೂರ್ತಿ ಹಣ ಕಟ್ಟಿ ರಸೀದಿ ತಂದೆವು. ಚೆಕ್ ಮಾತ್ರ ವಾಪಸ್ ಬಂದಿಲ್ಲ. ಕೇಳಿದಾಗಲೆಲ್ಲ ಹುಡುಕುತ್ತಿದ್ದೇವೆ ಅನ್ನುತ್ತಾರೆ. ಅಕ್ಕ ಹೋದ ವಾರ ಬ್ಯಾಂಕಿಗೆ ಹೋಗಿ ಆ ಚೆಕ್‌ಗೆ ಹಣ ಕೊಡಬೇಡಿ ಅಂತ ಸ್ಟಾಪ್ ಪೇಮೆಂಟ್ ಬರೆದುಕೊಟ್ಟು ಬಂದಳು.

ಒಬ್ಬ ಓದುಗ, ಚನ್ನಗಿರಿ