ಶಾಸಕರೇ, ಆ ಮಿಲ್ಲಿನ ಕಾಸ್ಟಿಕ್ ಲೆಕ್ಕ ಕೇಳಿ

ಮಾನ್ಯ ಶಾಸಕರೇ, ನಮಸ್ಕಾರ.

ಮರಾಠಿಯಲ್ಲಿ ಬರೆದ ಅರ್ಜಿಯನ್ನು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಆದರೂ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕಂದ್ರೆ ಹೋದ ರಾಜ್ಯೋತ್ಸವಕ್ಕೆ ನಮ್ಮ ಸಂಘಕ್ಕೆ ಬಂದಾಗ ನೀವೇ ಹೇಳಿದ್ದಿರಿ, ಕನ್ನಡದಲ್ಲಿ ಬರೆದರೂ ಓದಿಸಿಕೊಳ್ಳುತ್ತೇನೆ ಅಂತ. ಇನ್ನೊಂದು ಕಾರಣವೂ ಇದೆ. ಇಲ್ಲಿ ಪುಣೆಯಲ್ಲಿ ನಮ್ಮ ಮನೆ ಹಿಂದಿನ ಹಳ್ಳ ಕೊನೆಗೆ ಭೀಮಾ ನದಿ ಸೇರುತ್ತದೆ. ಆ ಭೀಮೆಯೇ ಉಜನಿ ಅಣೆಕಟ್ಟು ದಾಟಿ, ಪಂಢರಪುರ ದಾಟಿ ನಮ್ಮ ಅಫಜಲಪುರಕ್ಕೆ ಬರುತ್ತಾಳೆ. ಅಲ್ಲಿ ದಂಡೆ ಮೇಲೆ ನನ್ನ ಅಣ್ಣನ ಹೊಲ ಇದೆ.

ಹಳ್ಳದ ಮೇಲ್ಭಾಗದಲ್ಲಿ ಒಂದು ಸಣ್ಣ ಪೇಪರ್ ಮಿಲ್ ಇರುವುದು ನಿಮಗೆ ಗೊತ್ತು. ಬೆಳಿಗ್ಗೆ ಐದಕ್ಕೆ ವಾಕಿಂಗ್ ಹೋದರೆ ಹಳ್ಳದ ನೀರು ಹಾಲು ಹಾಕದ ಚಹಾ ಥರ ಇರುತ್ತದೆ, ಕಲ್ಲಿನ ಸಂದಿಯಲ್ಲಿ ನೊರೆ. ಹತ್ತು ಗಂಟೆಗೆಲ್ಲ ತಿಳಿಯಾಗಿರುತ್ತದೆ. ದೂರು ಕೊಟ್ಟರೆ ಸಂಬಂಧಪಟ್ಟವರು ಹಗಲು ಹೊತ್ತು ಬಂದು ಸ್ಯಾಂಪಲ್ ತಗೊಂಡು, ಬಿಓಡಿ (ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕದ ಅಳತೆ) ಮಿತಿಯೊಳಗಿದೆ ಅಂತ ಬರೆದುಕೊಟ್ಟರು. ಆ ಕಾಗದವನ್ನೇ ನೀವು ಸಭೆಯಲ್ಲಿ ಓದಿ ಹೇಳಿದಿರಿ. ನಾನು ಪಲ್ಪ್, ಅಂದರೆ ಕಾಗದ ಮಾಡುವ ತಿರುಳಿನ ಲ್ಯಾಬ್‌ನಲ್ಲಿ 22 ವರ್ಷ ಕೆಲಸ ಮಾಡಿದವನು. ಆ ಕಾಗದ ಯಾಕೆ ಸಾಲದು ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮರದಲ್ಲಾಗಲಿ ಕಬ್ಬಿನ ಸಿಪ್ಪೆಯಲ್ಲಾಗಲಿ ನಾರುಗಳನ್ನು ಹಿಡಿದಿಡುವ ಗಾರೆ ಒಂದಿದೆ, ಅದೇ ಲಿಗ್ನಿನ್. ಮರದ ತೂಕದಲ್ಲಿ ನೂರಕ್ಕೆ ಸುಮಾರು 20ರಿಂದ 30 ಭಾಗ ಅದೇ. ಅದು ನೀರಿನಲ್ಲಿ ಕರಗುವುದಿಲ್ಲ, ಅದಕ್ಕೇ ಮರ ಮಳೆಯಲ್ಲಿ ನೆನೆದರೂ ಮರವಾಗಿ ನಿಂತಿರುತ್ತದೆ. ಒಳ್ಳೆಯ ಕಾಗದ ಬೇಕು ಅಂದರೆ ಅದನ್ನು ತೆಗೆಯಲೇಬೇಕು. ತೆಗೆಯದಿದ್ದರೆ ಹಳೇ ಪೇಪರಿನ ಹಾಗೆ ಬಿಸಿಲಿಗೆ ಹಳದಿಯಾಗುತ್ತದೆ. ಅದಕ್ಕಾಗಿ ಡೈಜೆಸ್ಟರ್‌ನಲ್ಲಿ, ಅಂದರೆ ದೊಡ್ಡ ಕುಕ್ಕರ್‌ನಲ್ಲಿ, ಕಾಸ್ಟಿಕ್ ಸೋಡಾ ಎಂಬ ತೀಕ್ಷ್ಣ ಕ್ಷಾರ ಹಾಕಿ ಬೇಯಿಸುತ್ತಾರೆ. ಮರ ಬೇಯಿಸುವ ದೊಡ್ಡ ಮಿಲ್ಲುಗಳು ಜೊತೆಗೆ ಸೋಡಿಯಂ ಸಲ್ಫೈಡನ್ನೂ ಹಾಕಿ 160–170 ಡಿಗ್ರಿಗೆ ಏರಿಸುತ್ತವೆ. ಲಿಗ್ನಿನ್‌ನ ಸರಪಳಿ ತುಂಡಾಗುತ್ತದೆ. ಆ ತುಂಡುಗಳಲ್ಲಿ ಫೀನಾಲ್ ಗುಂಪುಗಳಿವೆ. ಕ್ಷಾರ ಜಾಸ್ತಿ ಇದ್ದಾಗ ಅವು ತಮ್ಮ ಹೈಡ್ರೋಜನ್ ಬಿಟ್ಟುಕೊಟ್ಟು ಋಣ ವಿದ್ಯುದಂಶ ಪಡೆಯುತ್ತವೆ, ಆಗ ನೀರು ಅವನ್ನು ಹಿಡಿದುಕೊಳ್ಳುತ್ತದೆ. ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 10ಕ್ಕಿಂತ ಕೆಳಗೆ ಇಳಿಯುತ್ತಿದ್ದ ಹಾಗೆ ಹಿಡಿತ ಸಡಿಲವಾಗಿ ಲಿಗ್ನಿನ್ ಹೊರಗೆ ಬೀಳಲು ಶುರುವಾಗುತ್ತದೆ. ಲ್ಯಾಬ್‌ನಲ್ಲಿ ಕಪ್ಪು ಲಿಕ್ಕರಿಗೆ, ಅಂದರೆ ಬೇಯಿಸಿದ ಮೇಲೆ ಉಳಿಯುವ ಕಪ್ಪು ನೀರಿಗೆ, ಆಮ್ಲ ಹಾಕಿದಾಗ ಹಾಲು ಒಡೆದ ಹಾಗೆ ಕಂದು ಗಸಿ ಬೇರೆಯಾಗುವುದನ್ನು ನಾನು ಸಾವಿರ ಸಲ ನೋಡಿದ್ದೇನೆ.

ಹೋದ ವಾರ ಬೆಳಿಗ್ಗೆ ಐದರ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಆಮ್ಲ ಹಾಕಿದೆ. ಮೊದಲು ಮಬ್ಬಾಯಿತು, ರಾತ್ರಿ ಹೊತ್ತಿಗೆ ತಳದಲ್ಲಿ ಒಂದು ಬೆರಳಿನಷ್ಟು ಕಂದು ಗಸಿ. ಇದೊಂದೇ ಸಾಕ್ಷಿ ಅಂತ ನಾನು ಹೇಳುವುದಿಲ್ಲ. ಕೊಳೆತ ಎಲೆಯ ಹ್ಯೂಮಿಕ್ ಪದಾರ್ಥವೂ ಹೀಗೇ ಬೀಳುತ್ತದೆ. ಆದರೆ ಎಲೆ ಕೊಳೆತ ಬಣ್ಣ ಹತ್ತು ಗಂಟೆಗೆ ಮಾಯ ಆಗುವುದಿಲ್ಲ, ಅಲ್ವಾ?

ಈಗ ಬಿಓಡಿ ವಿಷಯ. ನಮ್ಮಲ್ಲಿ ಆ ಪರೀಕ್ಷೆ 27 ಡಿಗ್ರಿಯಲ್ಲಿ 3 ದಿನದ್ದು. ಆ 3 ದಿನದಲ್ಲಿ ಬ್ಯಾಕ್ಟೀರಿಯಾ ಎಷ್ಟು ತಿಂದು ಆಮ್ಲಜನಕ ಬಳಸಿತು ಅಂತ ಮಾತ್ರ ಅಳೆಯುತ್ತಾರೆ. ಲಿಗ್ನಿನ್ ಅಷ್ಟು ಬೇಗ ತಿನ್ನುವಂಥದ್ದಲ್ಲ. ಕಾಡಿನಲ್ಲಿ ಬಿದ್ದ ಮರದ ಲಿಗ್ನಿನ್ ತಿನ್ನುವ ಶಿಲೀಂಧ್ರಕ್ಕೂ ತಿಂಗಳುಗಟ್ಟಲೆ ಬೇಕು. ಹಾಗಾಗಿ ನೀರು ಕಂದು ಇದ್ದರೂ ಬಿಓಡಿ ಕಮ್ಮಿ ಬರಬಹುದು. ಸಿಓಡಿ (ಬ್ಯಾಕ್ಟೀರಿಯಾ ಬದಲು ರಾಸಾಯನಿಕದಿಂದ ಕೊಳೆ ಸುಟ್ಟು ಅಳೆಯುವ ಪರೀಕ್ಷೆ) ಮತ್ತು ಬಣ್ಣ ಅಳೆದರೆ ಮಾತ್ರ ಅದು ಸಿಕ್ಕಿಬೀಳುತ್ತದೆ.

ಮಿಲ್ ಮುಚ್ಚಿಸಿ ಅಂತ ನಾನು ಕೇಳುತ್ತಿಲ್ಲ. ಅಲ್ಲಿ ದುಡಿಯುವವರಲ್ಲಿ ನಮ್ಮ ಕಡೆಯವರೂ ಇದ್ದಾರೆ, ಅವರ ಒಲೆ ಉರಿಯಬೇಕು. ದೊಡ್ಡ ಮಿಲ್ಲುಗಳು ಕಪ್ಪು ಲಿಕ್ಕರನ್ನು ಕಾಯಿಸಿ ಗಟ್ಟಿ ಮಾಡಿ, ಬಾಯ್ಲರ್‌ನಲ್ಲಿ ಸುಟ್ಟು, ಆವಿಯನ್ನೂ ಕಾಸ್ಟಿಕ್ಕನ್ನೂ ವಾಪಸ್ ಪಡೆಯುತ್ತವೆ. ಇದು 1930ರ ದಶಕದಿಂದ ನಡೆದುಬಂದ ಪದ್ಧತಿ. ಸಣ್ಣ ಮಿಲ್ಲುಗಳಿಗೆ ಅದು ಕಷ್ಟ ಎಂಬುದು ನಿಜ. ಹುಲ್ಲು, ಸಿಪ್ಪೆಯಲ್ಲಿ ಸಿಲಿಕಾ, ಅಂದರೆ ಮರಳಿನ ಅಂಶ, ಜಾಸ್ತಿ, ಅದು ಕಾಸ್ಟಿಕ್‌ನಲ್ಲಿ ಕರಗಿ ಆಮೇಲೆ ಪೈಪಿನಲ್ಲಿ ಕಲ್ಲಿನ ಹಾಗೆ ಕಟ್ಟಿಕೊಳ್ಳುತ್ತದೆ. ಬಾಯ್ಲರ್ ಹೊಗೆಯ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಪಿಎಚ್ ಇಳಿಸಿದರೂ ಒಂದಷ್ಟು ಲಿಗ್ನಿನ್ ಬೀಳುತ್ತದೆ, ಅದನ್ನು ಸೋಸಿ ಒಣಗಿಸಿ ಉರುವಲು ಮಾಡಬಹುದು. ಅದಕ್ಕೆ ಸಾಲ, ಸಬ್ಸಿಡಿ ಬೇಕಾದರೆ ನೀವು ಕೊಡಿಸಿ. ನಾವೆಲ್ಲ ಜೊತೆಗಿರುತ್ತೇವೆ.

ನಿಮ್ಮಲ್ಲಿ ನನ್ನ ಮುಖ್ಯ ಬೇಡಿಕೆ ಇದು, ಮಿಲ್ಲಿನ ಕಾಸ್ಟಿಕ್ ಖರೀದಿ ಪುಸ್ತಕ ತರಿಸಿ ನೋಡಿ. ನೂರು ಕಿಲೋ ಒಣ ಸಿಪ್ಪೆ ಬೇಯಿಸಲು ಸುಮಾರು 10ರಿಂದ 15 ಕಿಲೋ ಕಾಸ್ಟಿಕ್ ಬೇಕು. ರಿಕವರಿ, ಅಂದರೆ ಕಾಸ್ಟಿಕ್ ವಾಪಸ್ ಪಡೆಯುವ ಕೆಲಸ, ನಡೆಯುತ್ತಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಒಳಗೇ ತಿರುಗುತ್ತದೆ, ಹೊಸದಾಗಿ ಕೊಳ್ಳುವುದು ಕಮ್ಮಿ. ತಿಂಗಳು ತಿಂಗಳು ಪೂರ್ತಿ ಅಷ್ಟೇ ಕೊಳ್ಳುತ್ತಿದ್ದರೆ ಆ ಕಾಸ್ಟಿಕ್ಕಿನಲ್ಲಿದ್ದ ಸೋಡಿಯಂ ಎಲ್ಲಿಗೆ ಹೋಯಿತು? ಸೋಡಿಯಂ ಆವಿಯಾಗಿ ಹೋಗುವ ವಸ್ತುವಲ್ಲ, ಕಾಗದದಲ್ಲಿ ಉಳಿಯುವುದೂ ಅಲ್ಪ. ಅದು ನೀರಿನಲ್ಲಿ ಹೋಗಿದೆ, ಲಿಗ್ನಿನ್ ಅದರ ಜೊತೆಗೇ ಹೋಗಿದೆ. ಮೇಲಾಗಿ ಸೋಡಿಯಂ ಜಾಸ್ತಿ ಇರುವ ನೀರು ಹಾಯಿಸಿದರೆ ಎರೆಮಣ್ಣು ಗಟ್ಟಿಯಾಗಿ ನೀರೇ ಇಳಿಯುವುದಿಲ್ಲ. ಹಳ್ಳಕ್ಕೆ ಪಂಪ್ ಇಟ್ಟ ರೈತರನ್ನು ಕೇಳಿ, ಹೇಳುತ್ತಾರೆ.

ಸ್ಯಾಂಪಲ್ ಬೆಳಿಗ್ಗೆ ಐದಕ್ಕೆ ತೆಗೆಸಿ. ಯಾವ ದಿನ ಅಂತ ಹೇಳಿ ಸಾಕು, ಬಾಟಲಿ ಹಿಡಿದುಕೊಂಡು ನಾನೂ ಬರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಪುಣೆ