ಎರಡನೇ ಸಲ ಏನಾಯಿತು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

"ಸಂಶೋಧಕರು ಕಂಡುಹಿಡಿದಿದ್ದಾರೆ" ಅಂತ ಶುರುವಾಗುವ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ನಾನು ಒಂದೂ ಬಿಡದೆ ಓದುತ್ತೇನೆ. ಇಂಥ ಷೇರು ಕೊಂಡರೆ ಲಾಭ ಜಾಸ್ತಿ. ಎಕ್ಸ್-ರೇ ನೋಡಿ ಕಂಪ್ಯೂಟರೇ ಕಾಯಿಲೆ ಹೇಳುತ್ತದೆ. ರಸ್ತೆ ಹೀಗೆ ಮಾಡಿದರೆ ಟ್ರಾಫಿಕ್ ಕಮ್ಮಿಯಾಗುತ್ತದೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಲೆಕ್ಕವನ್ನು ಬೇರೆಯವರು, ಬೇರೆ ಕಡೆ, ಇನ್ನೊಂದು ಸಲ ಮಾಡಿ ನೋಡಿದಾಗ ಏನಾಯಿತು ಅನ್ನುವ ಸುದ್ದಿ ಮಾತ್ರ ಕಣ್ಣಿಗೆ ಬೀಳುವುದೇ ಅಪರೂಪ. ಅದನ್ನು ಕೇಳೋಣ ಅಂತಲೇ ಈ ಕಾಗದ.

ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು. ಬೇರೆ ವಿಭಾಗಗಳಲ್ಲಿ ಪಿಎಚ್.ಡಿ. ಮಾಡುವ ಹುಡುಗ ಹುಡುಗಿಯರು "ಸರ್, ಲೆಕ್ಕ ಸರಿ ಇದೆಯಾ ನೋಡಿ" ಅಂತ ನನ್ನ ಹತ್ತಿರ ಬರುತ್ತಾರೆ. ಷೇರು ಮಾರುಕಟ್ಟೆ ಮೇಲೆ ಬರೆಯುವವರು, ಸ್ಕ್ಯಾನಿಂಗ್ ಚಿತ್ರಗಳ ಮೇಲೆ ಕೆಲಸ ಮಾಡುವವರು, ನಗರ ಯೋಜನೆಯವರು, ಈ ಮೂರು ಗುಂಪಿನವರೇ ಜಾಸ್ತಿ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆದರೆ ಮೂವರೂ ಎಡವುವ ಕಲ್ಲು ಒಂದೇ. ಯಾವ ಡೇಟಾ ನೋಡಿ ಸಂಗತಿ ಹೊಳೆಯಿತೋ ಅದೇ ಡೇಟಾದ ಮೇಲೆ ಅದನ್ನು ಪರೀಕ್ಷೆ ಮಾಡಿ, ಸರಿ ಬಂತು ಅಂತ ನೆಮ್ಮದಿಯಾಗಿಬಿಡುವುದು.

ಷೇರಿನ ವಿಷಯ ಮೊದಲು ಹೇಳುತ್ತೇನೆ. ಒಬ್ಬ ಹುಡುಗ ಲ್ಯಾಪ್‌ಟಾಪ್ ತೆಗೆದು ತೋರಿಸಿದ. ಇಪ್ಪತ್ತು ವರ್ಷದ ಬೆಲೆಗಳು, ನೂರಾರು ಕಂಪನಿಗಳು. ಅವನ ಸೂತ್ರದಂತೆ ಕೊಂಡು ಮಾರಿದ್ದರೆ ಲಾಭದ ಗೆರೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. "ಈ ಕಂಪನಿಗಳ ಪಟ್ಟಿ ಎಲ್ಲಿ ಸಿಕ್ಕಿತಪ್ಪಾ?" ಅಂದೆ. "ಈಗ ಮಾರುಕಟ್ಟೆಯಲ್ಲಿ ಇರೋವೇ ಸರ್" ಅಂದ. ಅಂದರೆ ಆ ಇಪ್ಪತ್ತು ವರ್ಷದಲ್ಲಿ ಮುಳುಗಿ ಬಾಗಿಲು ಹಾಕಿದ ಕಂಪನಿ ಒಂದೂ ಪಟ್ಟಿಯಲ್ಲಿ ಇರಲಿಲ್ಲ. ಉಳಿದುಕೊಂಡವರನ್ನು ಮಾತ್ರ ಸಾಲಾಗಿ ನಿಲ್ಲಿಸಿ ನೋಡಿ ಎಲ್ಲರೂ ಎಷ್ಟು ಗಟ್ಟಿಮುಟ್ಟು ಅಂದ ಹಾಗಾಯಿತು. ಮುಚ್ಚಿಹೋದವನ್ನೆಲ್ಲ ಹುಡುಕಿ ಸೇರಿಸಲು ಅವನಿಗೆ ನಾಲ್ಕು ತಿಂಗಳು ಹಿಡಿಯಿತು. ಸೇರಿಸಿದ ಮೇಲೆ ಲಾಭದ ಬಹುಪಾಲು ಕರಗಿಹೋಯಿತು. ಅವನು ಮೋಸ ಮಾಡುವ ಹುಡುಗ ಅಲ್ಲ, ಪಾಪ, ಹಗಲು ರಾತ್ರಿ ದುಡಿದಿದ್ದ. ಸಿಕ್ಕಿದ ಡೇಟಾವೇ ಅವನನ್ನು ದಾರಿ ತಪ್ಪಿಸಿತ್ತು.

ಇದು ಬರೀ ವಿದ್ಯಾರ್ಥಿಗಳ ತಪ್ಪು ಅಂದುಕೊಳ್ಳಬೇಡಿ. ಷೇರುಗಳ ಲಾಭ ಯಾಕೆ ಹೆಚ್ಚು ಕಮ್ಮಿ ಆಗುತ್ತದೆ ಅಂತ ವಿವರಿಸಲು ಸಂಶೋಧಕರು ಮುಂದಿಟ್ಟಿದ್ದ ಅಂಶಗಳನ್ನು ಕ್ಯಾಂಪ್‌ಬೆಲ್ ಹಾರ್ವೆ ಮತ್ತು ಜೊತೆಗಾರರು 2016ರ ಪ್ರಬಂಧದಲ್ಲಿ ಲೆಕ್ಕ ಹಾಕಿದಾಗ 316 ಸಿಕ್ಕವು. ಮುನ್ನೂರ ಹದಿನಾರು! ಏನೂ ಹುರುಳಿಲ್ಲದ ನೂರು ಸೂತ್ರ ತಂದರೂ, ನಾವು ಸಾಮಾನ್ಯವಾಗಿ ಬಳಸುವ 5%ರ ಅಳತೆಗೋಲಿನಲ್ಲಿ ಸುಮಾರು ಐದು ಸುಮ್ನೆ ಅದೃಷ್ಟದಿಂದಲೇ ಪಾಸಾಗುತ್ತವೆ. ಅಷ್ಟೊಂದು ಜನ ಅಷ್ಟೊಂದು ಸಲ ಹುಡುಕಿದ ಮೇಲೆ ಅಳತೆಗೋಲು ಬಿಗಿಯಾಗಬೇಕು ಅಂತ ಅವರು ವಾದಿಸಿದರು. ನನಗೆ ಅದು ನೂರಕ್ಕೆ ನೂರು ಸರಿ ಅನ್ನಿಸುತ್ತದೆ. ಸೋತ ಪ್ರಯತ್ನಗಳನ್ನು ಯಾರೂ ಅಚ್ಚು ಹಾಕಿಸುವುದಿಲ್ಲ, ಹಾಗಾಗಿ ಗೆದ್ದ ಒಂದರ ಹಿಂದೆ ಎಷ್ಟು ಸೋತಿವೆ ಅಂತ ಓದುವವರಿಗೆ ಗೊತ್ತಾಗುವುದೇ ಇಲ್ಲ.

ಅದೇ ವರ್ಷ ಡೇವಿಡ್ ಮೆಕ್ಲೀನ್ ಮತ್ತು ಜೆಫ್ರಿ ಪಾಂಟಿಫ್ ಎರಡನೇ ಸಲ ನೋಡುವ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಿದರು. ಪ್ರಬಂಧಗಳಲ್ಲಿ ಬಂದಿದ್ದ 97 ಸೂತ್ರಗಳನ್ನು ತೆಗೆದುಕೊಂಡು, ಆಮೇಲೆ ಅವುಗಳ ಗತಿ ಏನಾಯಿತು ಅಂತ ಹಿಂಬಾಲಿಸಿದರು. ಮೂಲ ಡೇಟಾದ ಅವಧಿ ದಾಟಿದ ಕೂಡಲೇ ಲಾಭ ಸರಾಸರಿ 26% ಕಮ್ಮಿ ಆಗಿತ್ತು. ಪ್ರಬಂಧ ಅಚ್ಚಾದ ಮೇಲಂತೂ 58% ಕಮ್ಮಿ. ಮೊದಲ ಇಳಿಕೆಗೆ ಅದೃಷ್ಟದ ಆಟ ಕಾರಣ ಅನ್ನಬಹುದು. ಅದರ ಮೇಲಿನ ಇಳಿಕೆಯಲ್ಲಿ ಓದಿದವರ ಕೈವಾಡವೂ ಇದೆ. ಪ್ರಬಂಧ ಓದಿದವರು ಆ ಷೇರುಗಳನ್ನೇ ಕೊಳ್ಳಲು ಹೋದರು, ಬೆಲೆ ಏರಿತು, ಲಾಭ ಉಳಿಯಲಿಲ್ಲ. ಮಾರುಕಟ್ಟೆ ತನ್ನ ಬಗ್ಗೆ ಬರೆದದ್ದನ್ನು ತಾನೇ ಓದುತ್ತದೆ, ನೋಡಿ. ಹಾಗಾಗಿ ನೀವು ಇಂಥ ಸುದ್ದಿ ಹಾಕುವ ಹೊತ್ತಿಗೆ ಅದರ ಸತ್ವ ಅರ್ಧ ಸೋರಿಹೋಗಿರಬಹುದು. ಅದನ್ನು ನಂಬಿ ಉಳಿತಾಯದ ದುಡ್ಡು ಹಾಕುವವರಿಗೆ ಇದು ಗೊತ್ತಿರಬೇಡವಾ?

ಎರಡನೇ ಸಲವೂ, ಮೂರನೇ ಸಲವೂ ಗಟ್ಟಿ ನಿಂತದ್ದು ಇಲ್ಲವೇ ಇಲ್ಲ ಅಂತಲ್ಲ. ಮೈಕೆಲ್ ಜೆನ್ಸನ್ 1968ರಲ್ಲಿ 115 ಮ್ಯೂಚುವಲ್ ಫಂಡ್‌ಗಳ ಲೆಕ್ಕ ನೋಡಿದರು, 1945ರಿಂದ 1964ರವರೆಗಿನದು. ಸರಾಸರಿಯಲ್ಲಿ ಆ ಫಂಡ್‌ಗಳು ಸುಮ್ನೆ ಕೊಂಡು ಇಟ್ಟುಕೊಂಡಿದ್ದರೆ ಸಿಗುತ್ತಿದ್ದಷ್ಟನ್ನೂ ಮೀರಲಿಲ್ಲ. ಆಮೇಲೆ ಎಷ್ಟೋ ಜನ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶಗಳಲ್ಲಿ ಇದನ್ನೇ ಮತ್ತೆ ಮಾಡಿದರು, ಹೆಚ್ಚುಕಮ್ಮಿ ಇದೇ ಉತ್ತರ ಬಂತು. ಆರಿಸುವ ಗೋಜಿಗೆ ಹೋಗದೆ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಂಡು ಇಟ್ಟುಕೊಳ್ಳುವ ಇಂಡೆಕ್ಸ್ ಫಂಡ್ ಅನ್ನುವುದರ ಬೇರು ಇಂಥ ಕೆಲಸದಲ್ಲಿದೆ. ಸಾಮಾನ್ಯ ಜನಕ್ಕೆ ನಿಜವಾಗಿ ಉಪಯೋಗಕ್ಕೆ ಬಂದ ಸಂಶೋಧನೆ ಅದು.

ಈಗ ಸ್ಕ್ಯಾನಿಂಗ್ ಚಿತ್ರಗಳಿಗೆ ಬರುತ್ತೇನೆ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ, ಯಾಕೆಂದರೆ ಇಲ್ಲಿ ತಪ್ಪಿದರೆ ಹೋಗುವುದು ದುಡ್ಡಲ್ಲ.

ಎದೆಯ ಎಕ್ಸ್-ರೇ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಮೂಲೆಯಲ್ಲಿ ಬೆಳ್ಳಗೆ ಒಂದು ಅಕ್ಷರ ಕಾಣುತ್ತದೆ, ಬಲ ಯಾವುದು ಎಡ ಯಾವುದು ಅಂತ ತಿಳಿಯಲು ಟೆಕ್ನಿಷಿಯನ್ ಇಟ್ಟ ಲೋಹದ ಗುರುತು ಅದು. ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ ಇರುತ್ತದೆ, ಇಡುವ ಜಾಗವೂ ಬೇರೆ. ಹಾಸಿಗೆ ಬಿಟ್ಟು ಏಳಲಾರದ ರೋಗಿಗೆ ಮೆಷಿನನ್ನೇ ಹಾಸಿಗೆ ಹತ್ತಿರ ತಳ್ಳಿಕೊಂಡು ಬಂದು ತೆಗೆಯುತ್ತಾರೆ, ಆ ಚಿತ್ರದ ಮೇಲೆ ಅದರದೇ ಗುರುತು ಇರುತ್ತದೆ. ಡಾಕ್ಟರ ಕಣ್ಣು ಇದನ್ನೆಲ್ಲ ಬಿಟ್ಟು ಶ್ವಾಸಕೋಶ ನೋಡುತ್ತದೆ. ಕಂಪ್ಯೂಟರಿಗೆ ಯಾವುದನ್ನು ಬಿಡಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ಜಾನ್ ಝೆಕ್ ಮತ್ತು ಜೊತೆಗಾರರು 2018ರಲ್ಲಿ ಇದನ್ನೇ ತೋರಿಸಿದರು. ಮೂರು ಕಡೆಯ ಆಸ್ಪತ್ರೆಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಎಕ್ಸ್-ರೇ ತೆಗೆದುಕೊಂಡು ನ್ಯುಮೋನಿಯಾ ಗುರುತಿಸಲು ಕಂಪ್ಯೂಟರಿಗೆ ಕಲಿಸಿದರು. ಕಲಿತ ಆಸ್ಪತ್ರೆಯ ಚಿತ್ರಗಳಲ್ಲಿ ಚೆನ್ನಾಗಿ ಹೇಳುತ್ತಿದ್ದದ್ದು ಹೊರಗಿನ ಆಸ್ಪತ್ರೆಯ ಚಿತ್ರ ಕೊಟ್ಟಾಗ ಬಹಳ ಸಲ ಕೆಳಗಿಳಿಯಿತು. ಕಾರಣ ಹುಡುಕಿದರೆ, ಯಾವ ಚಿತ್ರ ಯಾವ ಆಸ್ಪತ್ರೆಯದು ಅನ್ನುವುದನ್ನು ಕಂಪ್ಯೂಟರ್ ಹತ್ತಿರ ಹತ್ತಿರ ನೂರಕ್ಕೆ ನೂರು ಸರಿಯಾಗಿ ಹೇಳಬಲ್ಲದಾಗಿತ್ತು. ಒಂದು ಕಡೆ ನ್ಯುಮೋನಿಯಾ ಇದ್ದ ಚಿತ್ರಗಳು 34%, ಇನ್ನೆರಡು ಕಡೆ 1%ರ ಆಸುಪಾಸು. ಆಸ್ಪತ್ರೆ ಯಾವುದು ಅಂತ ಗೊತ್ತಾದರೆ ಸಾಕು, ಶ್ವಾಸಕೋಶ ನೋಡದೆಯೂ ಅರ್ಧ ಉತ್ತರ ಸಿಕ್ಕಂತೆ ಅಲ್ವಾ? ಒಂದೇ ಆಸ್ಪತ್ರೆಯ ಚಿತ್ರಗಳಲ್ಲಿ ಪರೀಕ್ಷೆ ಮಾಡಿ ನಿಲ್ಲಿಸಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ.

ಕೋವಿಡ್ ಬಂದಾಗ ಇದೇ ಕಥೆ ದೊಡ್ಡದಾಗಿ ನಡೆಯಿತು. 2020ರಲ್ಲಿ ಎಕ್ಸ್-ರೇ, ಸಿ.ಟಿ. ಸ್ಕ್ಯಾನ್ ನೋಡಿ ಕೋವಿಡ್ ಹೇಳುವ ಪ್ರಬಂಧಗಳು ಪ್ರವಾಹದ ಹಾಗೆ ಬಂದವು. ಮರುವರ್ಷ ಒಂದು ತಂಡ 2,212 ಪ್ರಬಂಧಗಳನ್ನು ಸೋಸಿ, ಗುಣಮಟ್ಟ ನೋಡಿ 62ನ್ನು ಆರಿಸಿಕೊಂಡು ಕೂಲಂಕಷವಾಗಿ ಪರಿಶೀಲಿಸಿತು. ಆಸ್ಪತ್ರೆಯಲ್ಲಿ ಬಳಸುವ ಮಟ್ಟಕ್ಕೆ ಒಂದೂ ಇರಲಿಲ್ಲ. ಕೆಲವರು ಕೋವಿಡ್ ಇಲ್ಲದವರ ಗುಂಪಿಗೆ ಬಳಸಿದ್ದು ಒಂದರಿಂದ ಐದು ವರ್ಷದ ಮಕ್ಕಳ ಎಕ್ಸ್-ರೇ, ಕೋವಿಡ್ ಇದ್ದವರು ದೊಡ್ಡವರು. ಕಂಪ್ಯೂಟರ್ ಮಗುವಿನ ಪಕ್ಕೆಲುಬನ್ನೂ ದೊಡ್ಡವರ ಪಕ್ಕೆಲುಬನ್ನೂ ಬೇರೆ ಮಾಡುವುದನ್ನು ಕಲಿತುಬಿಡುವ ಅಪಾಯ ಅಲ್ಲಿತ್ತು. ಆ ಮೊದಲ ಸುದ್ದಿಗಳು ಎಷ್ಟು ದೊಡ್ಡದಾಗಿ ಬಂದಿದ್ದವು ಅಂತ ನನಗೆ ನೆನಪಿದೆ. ಎರಡನೇ ಸುದ್ದಿಗೆ ಅದರ ಕಾಲುಭಾಗ ಜಾಗ ಸಿಕ್ಕಿದ್ದೂ ನಾನು ಕಾಣಲಿಲ್ಲ.

ಹಾಗಂತ ಹೊಸ ಕೆಲಸ ಬೇಡವೇ ಬೇಡ ಅಂತ ಯಾರೂ ತಿಳಿಯಬಾರದು. ಅಲನ್ ಕಾರ್ಮ್ಯಾಕ್ 1963 ಮತ್ತು 1964ರಲ್ಲಿ, ದೇಹದ ಸುತ್ತ ಬೇರೆ ಬೇರೆ ಕೋನದಿಂದ ತೆಗೆದ ಎಕ್ಸ್-ರೇ ಅಳತೆಗಳಿಂದ ಒಳಗಿನ ಚಿತ್ರ ಕಟ್ಟುವ ಗಣಿತ ಬರೆದರು. ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ತಾವಾಗಿಯೇ ಬೇರೆ ದಾರಿಯಲ್ಲಿ ಅಲ್ಲಿಗೆ ಬಂದು ಮೆಷಿನ್ ಕಟ್ಟಿದರು, 1971ರಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು, 1979ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಬ್ಬರು ಬೇರೆ ಬೇರೆ ಕಡೆಯಿಂದ ಹೊರಟು ಒಂದೇ ಉತ್ತರಕ್ಕೆ ಬಂದದ್ದು ನನಗಂತೂ ಬಹಳ ಇಷ್ಟ.

ನಗರ ಯೋಜನೆಯಲ್ಲಿ ಕಷ್ಟ ಬೇರೆ ಥರದ್ದು. ಎಕ್ಸ್-ರೇ ಇನ್ನೊಂದು ತೆಗೆಯಬಹುದು, ಊರನ್ನು ಇನ್ನೊಂದು ಸಲ ಕಟ್ಟಲು ಆಗುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1950ರ ದಶಕದಲ್ಲಿ ಪ್ರೂಯಿಟ್-ಐಗೋ ಅಂತ 33 ಕಟ್ಟಡಗಳ ವಸತಿ ಕಟ್ಟಿದರು, ಪ್ರತಿಯೊಂದೂ 11 ಮಹಡಿ. ಇಪ್ಪತ್ತು ವರ್ಷ ತುಂಬುವ ಮೊದಲೇ, 1972ರಲ್ಲಿ, ಒಡೆಯಲು ಶುರು ಮಾಡಿದರು. ಅಲ್ಲಿ ಪ್ರಯೋಗಕ್ಕೆ ಒಳಗಾದದ್ದು ಸಾವಿರಾರು ಮನೆಮಂದಿಯ ಬದುಕು.

ಆದರೂ ಊರಿನಲ್ಲಿ ಎರಡನೇ ಪರೀಕ್ಷೆ ಸಾಧ್ಯವೇ ಇಲ್ಲ ಅಂತ ನಗರ ಯೋಜನೆಯ ವಿದ್ಯಾರ್ಥಿಗಳು ಹೇಳಿದಾಗ ನಾನು ಒಪ್ಪುವುದಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ನೋಡಿ ಅನ್ನುತ್ತೇನೆ. ಅಲ್ಲಿ 2006ರ ಜನವರಿಯಿಂದ ಜುಲೈವರೆಗೆ, ನಗರದ ಒಳಕ್ಕೆ ಬರುವ ಮತ್ತು ಹೊರಗೆ ಹೋಗುವ ವಾಹನಗಳಿಗೆ ಶುಲ್ಕ ಹಾಕಿ ನೋಡಿದರು. ಶುಲ್ಕದ ಗಡಿ ದಾಟುವ ವಾಹನ ಸುಮಾರು 20% ಇಳಿಯಿತು. ಪ್ರಯೋಗ ನಿಲ್ಲಿಸಿದರು, ವಾಹನಗಳು ಬಹುಮಟ್ಟಿಗೆ ವಾಪಸ್ ಬಂದವು. ಜನರನ್ನೇ ಕೇಳಿದರು, ನಗರದ ಮತದಾರರು ಬೇಕು ಅಂದರು, 2007ರ ಆಗಸ್ಟಿನಲ್ಲಿ ಮತ್ತೆ ಹಾಕಿದರು, ಮತ್ತೆ ಇಳಿಯಿತು. ಹಾಕಿ, ತೆಗೆದು, ಮತ್ತೆ ಹಾಕಿ ನೋಡುವುದು! ಇದಕ್ಕಿಂತ ಚೆನ್ನಾದ ಪಾಠ ನಾನು ತರಗತಿಯಲ್ಲಿ ಹೇಳಿಕೊಡಲಾರೆ.

ರಸ್ತೆ ಅಗಲ ಮಾಡುವುದರ ಬಗ್ಗೆಯೂ ಒಂದು ಮಾತು. ಗಿಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ನಗರಗಳ ಲೆಕ್ಕ ನೋಡಿ, ಹೆದ್ದಾರಿ ಎಷ್ಟು ಪಾಲು ಹೆಚ್ಚಿತೋ ವಾಹನಗಳ ಓಡಾಟವೂ ಸರಿಸುಮಾರು ಅಷ್ಟೇ ಪಾಲು ಹೆಚ್ಚಿತು ಅಂತ ತೋರಿಸಿದರು. ರಸ್ತೆ ಕಟ್ಟಿದ ಮೊದಲ ವರ್ಷ ಅಳೆದರೆ ಗೆದ್ದಂತೆ ಕಾಣಬಹುದು. ಕೆಲವು ವರ್ಷ ಬಿಟ್ಟು ಅಳೆದರೆ ಮತ್ತೆ ಅದೇ ಸಾಲು. ಷೇರು ಮಾರುಕಟ್ಟೆಯ ಹಾಗೆ ಇಲ್ಲೂ ಜನ ಬದಲಾವಣೆ ನೋಡಿ ತಾವೂ ಬದಲಾಗುತ್ತಾರೆ, ನಿಧಾನಕ್ಕೆ ಅಷ್ಟೆ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ರೋಜರ್ ಉಲ್ರಿಚ್ 1984ರಲ್ಲಿ, ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು ಅಂತ ಬರೆದರು. ನನಗೆ ಇದನ್ನು ನಂಬುವ ಆಸೆ ಇದೆ. ಆಸ್ಪತ್ರೆ ಕಟ್ಟುವವರೂ ಊರು ಯೋಜಿಸುವವರೂ ಇದನ್ನು ಉದಾಹರಿಸುತ್ತಾ ಬಂದಿದ್ದಾರೆ. ಆದರೆ ಅದು ಒಂದೇ ಆಸ್ಪತ್ರೆ, ಒಟ್ಟು 46 ರೋಗಿಗಳು. ಇಷ್ಟವಾದ ಫಲಿತಾಂಶವನ್ನೇ ನಾವು ಜಾಸ್ತಿ ಕೆದಕಿ ನೋಡಬೇಕು ಅಂತ ನಾನು ಮಕ್ಕಳಿಗೆ ಹೇಳುವುದು ಇದಕ್ಕೇ.

ಮತ್ತೆ ಮಾಡಿ ನೋಡುವವರು ಯಾಕೆ ಕಮ್ಮಿ ಅಂದರೆ, ನಾವು ಮೇಷ್ಟ್ರುಗಳೇ ಅದಕ್ಕೆ ಬೆಲೆ ಕೊಟ್ಟಿಲ್ಲ. "ಇದರಲ್ಲಿ ಹೊಸದೇನು?" ಅಂತ ಕೇಳುತ್ತೇವೆ. ಹಳೆಯದನ್ನು ಶ್ರದ್ಧೆಯಿಂದ ಮತ್ತೆ ಮಾಡಿದವನಿಗೆ ಡಿಗ್ರಿ ಸಿಗುವುದು ಕಷ್ಟ, ಪ್ರಬಂಧ ಅಚ್ಚಾಗುವುದು ಇನ್ನೂ ಕಷ್ಟ. ಇದನ್ನು ಸರಿ ಮಾಡಬೇಕಾದವರು ನಾವು. ನಿಮ್ಮಿಂದ ಆಗಬಹುದಾದದ್ದು ಇಷ್ಟು: ಸಂಶೋಧನೆಯ ಸುದ್ದಿ ಬರೆಯುವಾಗ ವರದಿಗಾರರು ಫೋನ್ ಮಾಡಿ, ಡೇಟಾ ಎಲ್ಲಿಯದು, ಬೇರೆ ಕಡೆ ನೋಡಿದ್ದೀರಾ ಅಂತ ಕೇಳಲಿ. ಇಲ್ಲ ಅಂದರೆ "ಇನ್ನೂ ಬೇರೆ ಕಡೆ ಪರೀಕ್ಷೆ ಆಗಿಲ್ಲ" ಅನ್ನುವ ಒಂದು ಸಾಲು ಸುದ್ದಿಯ ಮೊದಲ ಭಾಗದಲ್ಲೇ ಇರಲಿ. ಹಿಂದೆ ಹಾಕಿದ ಸುದ್ದಿ ಆಮೇಲೆ ಬಿದ್ದುಹೋದರೆ ಅದನ್ನೂ ಅದೇ ಪುಟದಲ್ಲಿ ಹಾಕಿ.

ಎಕ್ಸ್-ರೇ ಮೇಲೆ ಕೆಲಸ ಮಾಡುವ ಹುಡುಗಿಯೊಬ್ಬಳು ಇದ್ದಾಳೆ. ಮೂಲೆಯ ಗುರುತುಗಳ ವಿಷಯ ಹೇಳಿದ ಮೇಲೆ, ಒಂದು ವಾರ ಕೂತು ಚಿತ್ರಗಳ ಅಂಚನ್ನೆಲ್ಲ ಕಪ್ಪು ಮಾಡಿ ಲೆಕ್ಕ ಮತ್ತೆ ಓಡಿಸಿದಳು. ಫಲಿತಾಂಶ ಕೆಳಗೆ ಬಂತು. ಹಳೆಯದನ್ನೇ ಇಟ್ಟುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಿದ್ದಾಳೆ. ಈಗ ಇನ್ನೊಂದು ಆಸ್ಪತ್ರೆಯ ಚಿತ್ರಗಳಿಗೆ ಅನುಮತಿ ಕೇಳಿ ಕಾಯುತ್ತಿದ್ದಾಳೆ. ಅಲ್ಲಿಯ ಲೆಕ್ಕ ಬಂದಾಗ, ಅದು ಚೆನ್ನಾಗಿದ್ದರೂ ಇಲ್ಲದಿದ್ದರೂ, ಅವಳ ಒಪ್ಪಿಗೆ ಪಡೆದು ನಿಮಗೆ ಬರೆದು ಕಳಿಸುತ್ತೇನೆ. ಪ್ರಕಟಿಸುತ್ತೀರಿ ಅಲ್ವಾ?

ಇಂತಿ,
ನಿಮ್ಮ ಓದುಗ,
ಒಬ್ಬ ಸಂಖ್ಯಾಶಾಸ್ತ್ರದ ಮೇಷ್ಟ್ರು