ಬಿಳಿ ಪುಟ ಬಂದ್ರೆ ಮೊದಲು ಲಾಗ್ ನೋಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ತೀರ್ಥಹಳ್ಳಿ ಕಡೆಯವರು ರಾಶಿ, ಬೆಟ್ಟೆ ಅಡಿಕೆ ತೂಕ ಹಾಕ್ತಿರುವಾಗ ನಮ್ಮ ಲೆಕ್ಕದ ಸೈಟ್ ಬರೀ ಬಿಳಿ ಪುಟ ತೋರಿಸ್ತು. ಇದು ಮಳೆದೂ ಅಲ್ಲ, ಕರೆಂಟಿನದೂ ಅಲ್ಲ ಮಾರಾಯ್ರೆ. ಸೈಟ್ ಬರೆದಿರೋ ಭಾಷೆ ಪಿಎಚ್‌ಪಿ ಮುಗ್ಗರಿಸಿದೆ, ತಪ್ಪನ್ನು ಪರದೆಗೆ ತೋರಿಸೋ 'ಡಿಸ್‌ಪ್ಲೇ ಎರರ್ಸ್' ಸೆಟ್ಟಿಂಗ್ ಆಫ್ ಇರೋದ್ರಿಂದ ಕಾರಣ ಪರದೆಗೆ ಬರ್ಲಿಲ್ಲ. ಅದು ಆಫೇ ಇರಲಿ, ಇಲ್ದಿದ್ರೆ ನಮ್ಮ ಫೋಲ್ಡರ್‌ಗಳ ದಾರಿ ಊರಿಗೆಲ್ಲ ಕಾಣ್ತದೆ.

ಆನ್ ಇರಬೇಕಾದ್ದು 'ಲಾಗ್ ಎರರ್ಸ್', ಅಂದ್ರೆ ತಪ್ಪುಗಳನ್ನು ಲಾಗ್ ಅನ್ನೋ ದಾಖಲೆ ಫೈಲಿಗೆ ಬರೆದಿಡೋ ಸೆಟ್ಟಿಂಗ್. 'ಎರರ್ ಲಾಗ್' ಸಾಲಿನಲ್ಲಿ ಫೈಲಿನ ಪೂರ್ತಿ ದಾರಿ ಕೊಡಿ. ಖಾಲಿ ಬಿಟ್ಟರೆ ಅಪಾಚೆಯ (ಪುಟಗಳನ್ನು ಬ್ರೌಸರಿಗೆ ಕಳಿಸೋ ಸರ್ವರ್ ತಂತ್ರಾಂಶ) ಎರರ್ ಲಾಗಿಗೇ ಹೋಗ್ತದೆ. ನಾನು ಅರ್ಧ ದಿನ ಹಾಳು ಮಾಡಿಕೊಂಡಿದ್ದು ಇಲ್ಲೇ: ನಮ್ಮ ಸರ್ವರಿನ ಉಬುಂಟು ಲಿನಕ್ಸಿನಲ್ಲಿ ಈ ಸೆಟ್ಟಿಂಗ್‌ಗಳಿರೋ ಫೈಲ್ ಪಿಎಚ್‌ಪಿ.ಐಎನ್‌ಐ ಒಂದೇ ಅಲ್ಲ, ಆಜ್ಞೆ ಟೈಪ್ ಮಾಡೋ ಟರ್ಮಿನಲ್ಲಿಗೆ ಬೇರೆ, ಅಪಾಚೆಗೆ ಬೇರೆ. ನಾನು ತಿದ್ದುತ್ತಾ ಕೂತಿದ್ದು ಟರ್ಮಿನಲ್ಲಿನದ್ದು! ಪಿಎಚ್‌ಪಿಯ ಸೆಟ್ಟಿಂಗ್ ಎಲ್ಲ ತೋರಿಸೋ ಪಿಎಚ್‌ಪಿ ಇನ್ಫೋ ಪುಟವನ್ನು ಬ್ರೌಸರಿನಲ್ಲೇ ತೆರೆದು 'ಲೋಡೆಡ್ ಕಾನ್ಫಿಗರೇಶನ್ ಫೈಲ್' ಯಾವುದು ಅಂತ ನೋಡಿ, ಆಮೇಲೆ ಆ ಪುಟ ಅಳಿಸಿಬಿಡಿ. ಲಾಗ್ ಫೈಲಿಗೆ ಬರೆಯೋ ಅನುಮತಿ ಅಪಾಚೆ ಓಡೋ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅನ್ನೋ ಬಳಕೆದಾರನಿಗೆ ಇರಬೇಕು. ಅಪಾಚೆ ರೀಸ್ಟಾರ್ಟ್ ಮರೀಬೇಡಿ.

ಅಂತೂ ಸಿಕ್ಕಿದ ಸಾಲು: 'ಅಲೌಡ್ ಮೆಮೊರಿ ಸೈಜ್ ಆಫ್ 134217728 ಬೈಟ್ಸ್ ಎಕ್ಸಾಸ್ಟೆಡ್'. ಅಂದ್ರೆ ಪಿಎಚ್‌ಪಿಗೆ ಕೊಟ್ಟಿದ್ದ 128 ಎಂಬಿ ಮೆಮೊರಿ ಮುಗೀತು. ಯಾರೋ ಪೂರ್ತಿ ವರ್ಷದ ವರದಿ ಒಟ್ಟಿಗೇ ತೆಗೆದಿದ್ದೀರಿ. ಸದ್ಯಕ್ಕೆ ತಿಂಗಳು ತಿಂಗಳಾಗಿ ತೆಗೀರಿ, ಮಿತಿ ಹೆಚ್ಚಿಸೋದಕ್ಕಿಂತ ಆ ಕೋಡ್ ಸರಿ ಮಾಡೋದೇ ಒಳ್ಳೇದು, ಭಾನುವಾರ ಕೂರ್ತೇನೆ.

ಹಾಂ, ಲಾಗಿನ ಗಂಟೆ ನೋಡಿ ಗಾಬರಿ ಆಗ್ಬೇಡಿ. ಟೈಮ್‌ಝೋನ್ ಕೊಡದಿದ್ರೆ ಅದು ಯುಟಿಸಿ (ಜಾಗತಿಕ ಪ್ರಮಾಣ ಸಮಯ), ನಮಗಿಂತ ಐದೂವರೆ ಗಂಟೆ ಹಿಂದೆ.